ತಿಮ್ಮಾಪುರಕ್ಕೆ ಕಾರು ನೋಡಲು

ಎತ್ತು ಕೊಳ್ಳಲು ಹೊರಟ ರೈತ ಮೂರು ಸಂಗತಿಗಳನ್ನು ನೋಡದೆ ಹಣದ ಚೀಲಕ್ಕೆ ಕೈ ಹಾಕುವುದಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ನಾಲ್ಕು ಹೆಜ್ಜೆ ನಡೆಸಿ ನಡೆ ನೋಡುತ್ತಾನೆ. ಮೈಯೆಲ್ಲ ತಡವಿ ಸುಳಿ ನೋಡುತ್ತಾನೆ. ಇವೆಲ್ಲಕ್ಕೂ ಮೊದಲು ಅವನು ಕೇಳುವ ಪ್ರಶ್ನೆಯೊಂದುಂಟು: "ಎತ್ತು ಯಾವ ಸೀಮೆದು?" ಎರೆಯ ಹೊಲದಲ್ಲಿ ದುಡಿದದ್ದೋ, ಮಸಾರಿಯಲ್ಲಿ ದುಡಿದದ್ದೋ ಎಂಬುದು ತಿಳಿದರೆ ಅರ್ಧ ವ್ಯಾಪಾರ ಮುಗಿದಂತೆ. ಹಳೆಯ ಕಾರಿಗೂ ಇದೇ ಪ್ರಶ್ನೆ ಸಲ್ಲುತ್ತದೆ ಎಂಬುದನ್ನು ನಾನು ಕಲಿತದ್ದು ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ.

ನಮ್ಮದು ಧಾರವಾಡದ ಸಾಮಾನ್ಯ ಸಂಸಾರ. ತಾಯಿಗೆ ಎಪ್ಪತ್ತೆಂಟು ವರ್ಷ. ತಿಂಗಳಿಗೆರಡು ಸಲ ಆಸ್ಪತ್ರೆಗೆ ಕರೆದೊಯ್ಯಬೇಕು. ಮೊಣಕಾಲು ನೋವಿನಿಂದಾಗಿ ಆಕೆಗೆ ಆಟೋರಿಕ್ಷಾ ಹತ್ತುವುದೇ ಒಂದು ತಪಸ್ಸು. ಹೊಸ ಕಾರು ನಮ್ಮ ಕೈಗೆಟುಕುವಂತಿರಲಿಲ್ಲ. ಮನೆಯಾಕೆ ವರ್ಷಗಟ್ಟಲೆ ಕೂಡಿಟ್ಟಿದ್ದ ಎರಡು ಲಕ್ಷ ರೂಪಾಯಿಗಳಿದ್ದವು. ಆ ಹಣಕ್ಕೆ ಒಂದೇ ಆಯುಷ್ಯ. ತಪ್ಪಾದ ಗಾಡಿಗೆ ಸುರಿದರೆ ಮರಳಿ ಕೂಡಿಸುವಷ್ಟು ವಯಸ್ಸು ನಮಗಿಬ್ಬರಿಗೂ ಉಳಿದಿರಲಿಲ್ಲ.

ಭಾರತದ ಮಧ್ಯಮ ವರ್ಗಕ್ಕೆ ಪುಟ್ಟ ಕಾರಿನ ಕನಸನ್ನು ಕೊಟ್ಟದ್ದು 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800. 2014ರ ಜನವರಿಯಲ್ಲಿ ಅದರ ತಯಾರಿಕೆ ನಿಂತಿತು. ಕನಸು ಮಾತ್ರ ನಿಲ್ಲಲಿಲ್ಲ. ಹೊಸದನ್ನು ಕೊಳ್ಳಲಾರದವರ ಪಾಲಿಗೆ ಅದು ಎರಡನೆಯ ಕೈಯ ಕಾರಾಗಿ ಇಂದಿಗೂ ಬಾಗಿಲಿಗೆ ಬರುತ್ತದೆ. ತಿಮ್ಮಾಪುರದ ರೈತರೊಬ್ಬರಲ್ಲಿ ಅಂಥದೊಂದು ಪುಟ್ಟ ಕಾರು ಮಾರಾಟಕ್ಕಿದೆಯೆಂದು ಬೀಗರೊಬ್ಬರು ತಿಳಿಸಿದಾಗ ನಾವು ಮೂವರು ಹೊರಟೆವು: ನಾನು, ಮನೆಯಾಕೆ ಮತ್ತು ಮೋಟಾರು ದುರಸ್ತಿಯ ಕೆಲಸ ಬಲ್ಲ ನನ್ನ ಸೋದರಳಿಯ.

ದಾರಿ ಹೇಳಿದ ಮಾತು

ಮಾಗಿಯ ನಸುಕಿನಲ್ಲಿ ಧಾರವಾಡದಿಂದ ಬಸ್ಸು ಹೊರಟಿತು. ಸವದತ್ತಿಯಲ್ಲಿ ಎಲ್ಲಮ್ಮನ ಗುಡ್ಡಕ್ಕೆ ಕೈಮುಗಿದು, ಯರಗಟ್ಟಿ, ಲೋಕಾಪುರಗಳನ್ನು ದಾಟಿದೆವು. ಮುಂದೆ ಸಾಗಿದಂತೆ ಬಿಳಿಜೋಳದ ಹೊಲಗಳು ಹಿಂದೆ ಸರಿದು ಕಬ್ಬು ಎರಡೂ ಕಡೆಗೆ ಗೋಡೆಯಂತೆ ನಿಂತಿತು. ಕಬ್ಬು ನುರಿಸುವ ಹಂಗಾಮು. ಒಂದೊಂದು ಟ್ರ್ಯಾಕ್ಟರಿನ ಬೆನ್ನಿಗೆ ಎರಡೆರಡು ಟ್ರೇಲರುಗಳು, ಅವುಗಳ ಮೇಲೆ ಮನೆಯೆತ್ತರದ ಹೇರು. ಆ ಭಾರಕ್ಕೆ ರಸ್ತೆಯ ಅಂಚುಗಳು ಕುಸಿದಿದ್ದವು. ಅಳಿಯ ಕಿಟಕಿಯಿಂದ ಹೊರಗೆ ನೋಡುತ್ತ, "ಮಾಮಾ, ಈ ದಾರ್ಯಾಗ ಓಡಿದ ಗಾಡಿಯ ಸಸ್ಪೆನ್ಷನ್ ಮೊದಲು ನೋಡಬೇಕು" ಎಂದ.

ಮುಧೋಳದ ಬಳಿ ಘಟಪ್ರಭೆಯ ಸೇತುವೆ ಬಂತು. ಚಳಿಗಾಲದ ನದಿ ಹಾಸಿ ಮಲಗಿದ ಆಕಳಂತೆ ಶಾಂತವಾಗಿತ್ತು. ಪಕ್ಕದಲ್ಲಿ ಕುಳಿತಿದ್ದ ಹಿರಿಯರು ದಂಡೆಯ ಕಡೆಗೆ ಕೈ ತೋರಿಸಿ, "ಈಗ ಹಿಂಗ ಕಾಣತೈತ್ರಿ. 2019ರ ಆಗಸ್ಟಿನ್ಯಾಗ ನೋಡಬೇಕಿತ್ತು. ಹೊಲ ಯಾವುದು, ಹೊಳಿ ಯಾವುದು ಗೊತ್ತಾಗತಿರಲಿಲ್ಲ" ಎಂದರು. ಸಹ್ಯಾದ್ರಿಯಲ್ಲಿ ಮಳೆ ಮಿತಿಮೀರಿ, ಹಿಡಕಲ್ ಜಲಾಶಯದಿಂದ ನೀರು ಬಿಟ್ಟಾಗ ಘಟಪ್ರಭೆ ಗೋಕಾಕ, ಮುಧೋಳಗಳ ದಂಡೆಯ ಹಳ್ಳಿಗಳನ್ನು ನುಂಗಿದ ವರ್ಷವದು. ಅತ್ತ ಕೃಷ್ಣೆ ಜಮಖಂಡಿ, ರಬಕವಿ-ಬನಹಟ್ಟಿಗಳ ಸೀಮೆಗೆ ನುಗ್ಗಿದ್ದಳು. ಮನೆ ಬಿದ್ದವು, ದನ ಕೊಚ್ಚಿಹೋದವು, ಬೆಳೆ ಕೊಳೆಯಿತು. ವಾಹನಗಳು ಮಾತ್ರ ಬಹುಪಾಲು ನಿಂತಲ್ಲೇ ಮುಳುಗಿ, ನೀರಿಳಿದ ಮೇಲೆ ನಿಂತಲ್ಲೇ ಮೇಲೆದ್ದವು. ಆ ವಾಹನಗಳೆಲ್ಲ ಮುಂದೆ ಎಲ್ಲಿಗೆ ಹೋದವು? ಈ ಪ್ರಶ್ನೆ ಅಂದು ನನಗೆ ಹೊಳೆಯಲಿಲ್ಲ. ಅಳಿಯನಿಗೆ ಹೊಳೆದಿರಬೇಕು; ಅವನು ಸುಮ್ಮನಾದ.

ಮುಧೋಳ ಹಳಗನ್ನಡದ ಮಹಾಕವಿ ರನ್ನನ ಊರು. ತಿಮ್ಮಾಪುರದಲ್ಲಿರುವ ರೈತರ ಸಹಕಾರಿ ಸಕ್ಕರೆ ಕಾರ್ಖಾನೆಯ ನೆಲೆಗೂ ರನ್ನನಗರವೆಂದೇ ಹೆಸರು. ತಿಮ್ಮಾಪುರಕ್ಕೆ ಇನ್ನೊಂದು ಖ್ಯಾತಿಯುಂಟು. ಮುಧೋಳದ ಬೇಟೆನಾಯಿಯ ತಳಿಯನ್ನು ಕಾಪಾಡುವ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಇಲ್ಲಿದೆ. ಘೋರ್ಪಡೆ ಅರಸರು ಅಕ್ಕರೆಯಿಂದ ಬೆಳೆಸಿದ ತಳಿಯದು. 2005ರಲ್ಲಿ ಅಂಚೆ ಚೀಟಿಯ ಮೇಲೂ ಮೆರೆಯಿತು. ಅದರ ವಿಶೇಷವೆಂದರೆ, ವಾಸನೆ ಹಿಡಿದು ಅಲೆಯುವ ಜಾತಿಯಲ್ಲ. ದೂರದ ಬೇಟೆಯನ್ನು ಕಣ್ಣಿನಿಂದಲೇ ಕಂಡು ಬೆನ್ನಟ್ಟುವ ಜಾತಿ. ಹಳೆಯ ಕಾರು ಕೊಳ್ಳುವವನಿಗೆ ಈ ಗುಣವೊಂದೇ ಸಾಲದು, ಮೂಗೂ ಬೇಕು ಎಂಬುದು ಇನ್ನೊಂದು ಗಂಟೆಯಲ್ಲಿ ನನಗೆ ಮನದಟ್ಟಾಗುವುದಿತ್ತು.

ಹಲ್ಲು

ರೈತರ ಮನೆಯಂಗಳದಲ್ಲಿ ಬೇವಿನ ಮರದ ನೆರಳಿಗೆ ಬೆಳ್ಳಿಬಣ್ಣದ ಕಾರು ಥಳಥಳಿಸುತ್ತ ನಿಂತಿತ್ತು. "ಬರ್ರಿ ಸರ, ಬರ್ರಿ ಅಕ್ಕಾರ. ಮೊದ್ಲ ಚಾ ಕುಡೀರಿ, ಗಾಡಿ ಎಲ್ಲಿ ಓಡಿ ಹೋಗತೈತಿ?" ಎಂದು ಅವರು ಕಟ್ಟೆಯ ಮೇಲೆ ಜಮಖಾನ ಹಾಸಿದರು. ಅಳಿಯ ಮಾತ್ರ ಕುಳಿತುಕೊಳ್ಳುವ ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿದ. ತಣ್ಣಗಿತ್ತು. ಅದು ಒಳ್ಳೆಯ ಲಕ್ಷಣ. ಕೊಳ್ಳುವವರು ಬರುವ ಮೊದಲೇ ಚಾಲೂ ಮಾಡಿ ಬಿಸಿಯಾಗಿಟ್ಟ ಇಂಜಿನ್ ತನ್ನ ರೋಗಗಳನ್ನು ಮುಚ್ಚಿಕೊಳ್ಳಬಲ್ಲದು.

ಚಹದ ಜೊತೆಗೆ ಕಾಗದಗಳು ಬಂದವು. ಎತ್ತಿಗೆ ಹಲ್ಲು ಹೇಗೋ ಕಾರಿಗೆ ಕಾಗದ ಹಾಗೆ. ನೋಂದಣಿಯ ಕಾರ್ಡಿನಲ್ಲಿರುವ ಇಂಜಿನ್ ಮತ್ತು ಚಾಸಿ ನಂಬರುಗಳನ್ನು ಗಾಡಿಯ ಮೇಲೆ ಕೊರೆದ ನಂಬರುಗಳೊಂದಿಗೆ ಅಕ್ಷರ ಅಕ್ಷರವಾಗಿ ಹೋಲಿಸಬೇಕು. ಸಾಲ ಕೊಟ್ಟ ಬ್ಯಾಂಕಿನ ಹೆಸರು ಇನ್ನೂ ನಮೂದಾಗಿದ್ದರೆ ಅದನ್ನು ತೆಗೆಸಿದ ಹೊರತು ಮುಂಗಡವನ್ನೂ ಕೊಡಬಾರದು. ಖಾಸಗಿ ಕಾರಿನ ನೋಂದಣಿಗೆ ಹದಿನೈದು ವರ್ಷದ ಆಯುಷ್ಯ. ಆಮೇಲೆ ತಪಾಸಣೆಗೆ ಒಳಪಡಿಸಿ ಐದೈದು ವರ್ಷಕ್ಕೆ ಮುಂದುವರಿಸಬೇಕು. ವಿಮೆ ನಡುವೆ ತಪ್ಪಿದೆಯೇ, ಹಿಂದೆ ದೊಡ್ಡ ಪರಿಹಾರವೇನಾದರೂ ಪಡೆದಿದ್ದಾರೆಯೇ ಎಂಬುದನ್ನೂ ವಿಚಾರಿಸಬೇಕು.

ಮಾರುವವನಿಗೂ ಇಲ್ಲಿ ಒಂದು ಎಚ್ಚರಿಕೆ. ರಾಜ್ಯದೊಳಗಿನ ಮಾರಾಟವಾದರೆ ಹದಿನಾಲ್ಕು ದಿನದೊಳಗೆ ಆತನೂ, ಮೂವತ್ತು ದಿನದೊಳಗೆ ಕೊಂಡವನೂ ಸಾರಿಗೆ ಕಚೇರಿಗೆ ತಿಳಿಸಬೇಕೆಂದು 1988ರ ಮೋಟಾರು ವಾಹನ ಕಾಯಿದೆ ಹೇಳುತ್ತದೆ. ಹೆಸರು ಬದಲಾಗದಿದ್ದರೆ, ಗಾಡಿ ಎಷ್ಟು ಕೈ ದಾಟಿದ್ದರೂ ಅಪಘಾತದ ಪರಿಹಾರದ ಹೊಣೆ ದಾಖಲೆಯಲ್ಲಿರುವ ಒಡೆಯನ ಮೇಲೆಯೇ ಬೀಳುತ್ತದೆಂದು 2018ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ.

ನಮ್ಮ ರೈತರ ಕಾಗದಗಳು ಚೊಕ್ಕವಾಗಿದ್ದವು. ಕೆಎ-48, ಅಂದರೆ ಜಮಖಂಡಿಯ ನೋಂದಣಿ, 2016ನೆಯ ಇಸವಿ. ಇವರು ಎರಡನೆಯ ಒಡೆಯರು. ಹಸ್ತಾಂತರದ ಕಾಗದದ ಮೇಲಿನ ತಾರೀಖನ್ನು ಅಳಿಯ ಎರಡು ಸಲ ಓದಿದ: 2020ರ ಜನವರಿ. ಮೊದಲನೆಯ ಒಡೆಯನ ವಿಳಾಸ ಕೃಷ್ಣೆಯ ದಂಡೆಯ ಒಂದು ಹಳ್ಳಿ. ಅವನು ತಲೆಯೆತ್ತಿ ನನ್ನನ್ನು ನೋಡಿ, ಏನೂ ಹೇಳದೆ ಎದ್ದ.

ನಡೆ

ಬೀಗದ ಕೈ ತಿರುವಿದೊಡನೆ ಇಂಜಿನ್ ಸದ್ದಿಲ್ಲದೆ ಎದ್ದಿತು. ಹೊಗೆಯ ಬಣ್ಣವೇ ಇಂಜಿನ್ನಿನ ನಾಲಗೆ. ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ. ಕಪ್ಪಾದರೆ ಪೆಟ್ರೋಲು ಮಿತಿಮೀರಿ ಸುರಿಯುತ್ತಿದೆ. ಬಿಸಿಯಾದ ಮೇಲೂ ದಟ್ಟವಾದ ಬಿಳಿ ಹೊಗೆ ನಿಲ್ಲದಿದ್ದರೆ ತಂಪುನೀರು ಒಳಗೆ ಸೋರುತ್ತಿದೆ. ಎಣ್ಣೆ ಅಳೆಯುವ ಕಡ್ಡಿಗೆ ಹಾಲು ಬೆರೆಸಿದ ಕಾಫಿಯ ಬಣ್ಣ ಹತ್ತಿದ್ದರೆ ಅಲ್ಲಿಂದಲೇ ನಮಸ್ಕಾರ ಹೇಳಿ ಹೊರಡಬಹುದು. ಇಲ್ಲಿ ಹೊಗೆ ಕಾಣಲಿಲ್ಲ, ಎಣ್ಣೆ ತಿಳಿಯಾಗಿತ್ತು.

ನಾಲ್ಕು ಮೂಲೆಗಳನ್ನೂ ಒಂದೊಂದಾಗಿ ಒತ್ತಿ ಬಿಟ್ಟ. ಗಾಡಿ ಒಮ್ಮೆ ಮೇಲೆದ್ದು ತಣ್ಣಗಾಯಿತು, ತೊಟ್ಟಿಲಿನಂತೆ ತೂಗಲಿಲ್ಲ. ಕಬ್ಬಿನ ಗಾಡಿಗಳ ಜಾಡಿನಲ್ಲಿ ಓಡಿಸಿದೆವು. ಸ್ಟೀರಿಂಗನ್ನು ಹಗುರವಾಗಿ ಹಿಡಿದಾಗ ಗಾಡಿ ಎಡಬಲಕ್ಕೆ ಎಳೆಯಲಿಲ್ಲ. ಬ್ರೇಕ್ ಒತ್ತಿದಾಗ ಗಕ್ಕನೆ, ನೇರವಾಗಿ ನಿಂತಿತು. ಕೈಬ್ರೇಕ್ ಎಳೆದು, ನಾಲ್ಕನೆಯ ಗೇರಿಗೆ ಹಾಕಿ, ಕ್ಲಚ್ಚನ್ನು ನಿಧಾನವಾಗಿ ಬಿಟ್ಟಾಗ ಇಂಜಿನ್ ತಟ್ಟನೆ ಆರಿತು. ಆರಲೇಬೇಕು, ಆರದೆ ಗುರುಗುಟ್ಟುತ್ತಿದ್ದರೆ ಕ್ಲಚ್ ಸವೆದಿದೆಯೆಂದು ಅರ್ಥ. ಹಿಂದೆ ಕುಳಿತಿದ್ದ ಮನೆಯಾಕೆ, "ಅತ್ತೆಯವರಿಗೆ ಇಲ್ಲಿ ಆರಾಮಾಗಿ ಕೂತ್ಕೊಳ್ಳಾಕ ಬರತೈತಿ" ಎಂದು ಆಸನದ ಮೇಲೆ ಕೈಯಾಡಿಸಿದಳು. ನನ್ನ ಮನಸ್ಸು ಅಷ್ಟರಲ್ಲಾಗಲೇ ಕಾರನ್ನು ಧಾರವಾಡಕ್ಕೆ ತಂದು ತುಳಸೀಕಟ್ಟೆಯ ಮುಂದೆ ನಿಲ್ಲಿಸಿತ್ತು.

ಸುಳಿ

ಉಳಿದದ್ದು ಮೈ. ಬಾಗಿಲುಗಳ ಸಂದು ಎಲ್ಲ ಕಡೆ ಸಮವಾಗಿತ್ತು, ಬಣ್ಣದಲ್ಲಿ ಭೇದವಿರಲಿಲ್ಲ, ಬೋಲ್ಟುಗಳ ಮೇಲೆ ಪಾನ ಹಚ್ಚಿದ ಗಾಯವಿರಲಿಲ್ಲ. ಟೈರಿನ ಅಂಚಿನಲ್ಲಿ ಒತ್ತಿದ ನಾಲ್ಕು ಅಂಕೆಗಳು ಅದರ ಜನ್ಮಕುಂಡಲಿ: 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ಹುಟ್ಟಿದ್ದು. ಅದನ್ನೂ ಓದಿದ.

ಆಮೇಲೆ ಅಳಿಯ ಗಾಜುಗಳನ್ನೆಲ್ಲ ಏರಿಸಿ, ಬಾಗಿಲು ಮುಚ್ಚಿ, ಗಾಡಿಯನ್ನು ಹತ್ತು ನಿಮಿಷ ಬಿಸಿಲಿಗೆ ನಿಲ್ಲಿಸಿದ. "ಈಗ ಒಳಗ ತಲಿ ಹಾಕಿ ಉಸಿರು ತಗೋರಿ ಮಾಮಾ" ಎಂದ. ಮೊದಲು ಬಂದದ್ದು ಊದಿನಕಡ್ಡಿಯ ಪರಿಮಳ. ಅದರ ಹಿಂದೆ, ಬಹುದಿನ ಮುಚ್ಚಿಟ್ಟ ಕಣಜದ ಬಾಗಿಲು ತೆರೆದಂತೆ, ಮುಗ್ಗಲು ವಾಸನೆ.

ಮುಂದಿನ ಆಸನದ ಸೀಟ್‌ಬೆಲ್ಟನ್ನು ಅವನು ಎಳೆಯತೊಡಗಿದ. ನಾವು ದಿನವೂ ಎಳೆಯುವಷ್ಟು ಭಾಗ ಹೊಸದರಂತಿತ್ತು. ಅವನು ಇನ್ನೂ ಎಳೆದ, ಕೊನೆಯವರೆಗೆ. ಕಟ್ಟಕಡೆಯ ಗೇಣುದ್ದದ ಪಟ್ಟಿಯ ಮೇಲೆ ಕಂದುಗಪ್ಪು ಗೆರೆಯೊಂದು ಅಡ್ಡಲಾಗಿ ಕುಳಿತಿತ್ತು. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ತಳದ ಗುಳಿಯನ್ನು ಬೆರಳಿನಿಂದ ಒರೆಸಿದ. ಆಸನದ ಹಳಿಯ ಕೆಳಗೆ ಕೈತೂರಿಸಿದ. ತುಕ್ಕು, ತುಕ್ಕಿನೊಡನೆ ನುಣ್ಣನೆಯ ಎರೆಮಣ್ಣು, ಒಣಗಿ ಬಿರಿದು ಚಕ್ಕೆಯಾದದ್ದು. ನದಿ ಐದು ತಿಂಗಳ ಮುಂಚೆ ಬಂದು ಹೋಗಿತ್ತು. 2020ರ ಜನವರಿಯಲ್ಲಿ ಗಾಡಿಗೆ ಹೊಸ ಒಡೆಯ ಸಿಕ್ಕಿದ್ದ. ತೊಳೆದವನ ಕೈ ಎಲ್ಲೆಲ್ಲಿ ಮುಟ್ಟಿರಲಿಲ್ಲವೋ ಅಲ್ಲಲ್ಲಿ ಹೊಳೆ ತನ್ನ ರುಜು ಹಾಕಿತ್ತು.

ಮುಳುಗಿದ ಕಾರಿನ ಕೇಡು ಇಂಜಿನ್ನಿನಲ್ಲಲ್ಲ, ನರಗಳಲ್ಲಿ. ತಂತಿಗಳ ಕೂಡುವ ಬಾಯಿಗಳಲ್ಲಿ ಹಸಿರು ಕಿಲುಬು ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ಒಂದು ಮಳೆಗಾಲ ದೀಪ ಆರುತ್ತದೆ, ಇನ್ನೊಂದು ಮಳೆಗಾಲ ನಡುರಸ್ತೆಯಲ್ಲಿ ಇಂಜಿನ್ ನಿಲ್ಲುತ್ತದೆ. ಪ್ರಾಣ ಕಾಯಬೇಕಾದ ಏರ್‌ಬ್ಯಾಗ್ ಇದ್ದರೂ ಆಪತ್ತಿನಲ್ಲಿ ಬಿಚ್ಚಿಕೊಳ್ಳದೆ ಹೋಗಬಹುದು.

ಅಳಿಯ ನನ್ನ ಕಿವಿಯಲ್ಲಿ, "ಮಾಮಾ, ರೇಟು ಜಾಸ್ತಿ ಆತು ಅಂತ ಹೇಳಿ ಎದ್ದು ಹೋಗೋಣ. ಅವರ ಮನಿಯಂಗಳದಾಗ ನಿಂತು ಇದನ್ನ ಹ್ಯಾಂಗ ಹೇಳೂದು?" ಎಂದ. ಸುಲಭದ ದಾರಿಯದು. ಆದರೆ ಚಹ ಕುಡಿಯುವಾಗ ರೈತರು ಹೇಳಿದ್ದ ಮಾತು ನೆನಪಿಗೆ ಬಂತು: ಈ ಹಣ ಬಾಗಲಕೋಟೆಯಲ್ಲಿ ಓದುವ ಮಗಳ ಕಾಲೇಜಿನ ಫೀಗೆ. ನಾವು ಬಾಯಿಮುಚ್ಚಿ ಹೋದರೆ ನಾಳೆ ಇನ್ನೊಬ್ಬರ ತಾಯಿ ಇದರಲ್ಲಿ ಕುಳಿತಾರು. ನಾನು ತಡವರಿಸುತ್ತಿದ್ದಾಗ ಮನೆಯಾಕೆಯೇ ಮುಂದೆ ಬಂದು, "ಅಣ್ಣಾರ, ಇಲ್ಲಿ ಬರ್ರಿ, ಇದನ್ನೊಂದಿಷ್ಟು ನೋಡ್ರಿ" ಎಂದು ಬೆಲ್ಟಿನ ತುದಿಯನ್ನು ಅವರ ಕೈಗಿಟ್ಟಳು.

ಅವರು ಬಹಳ ಹೊತ್ತು ಆ ಗೆರೆಯನ್ನೇ ನೋಡಿದರು. ಎರೆಮಣ್ಣಿನ ಗುರುತು ರೈತನಿಗೆ ಯಾರು ಹೇಳಿಕೊಡಬೇಕು? "ಮಳಿಗಾಲ ಬಂತಂದ್ರ ಹಾರ್ನ್ ತನ್ನಷ್ಟಕ್ಕ ತಾನ ಒದರತಿತ್ರಿ. ಇದರ ಸ್ವಭಾವನ ಹಿಂಗ ಅಂತ ತಿಳಕೊಂಡಿದ್ದೆ" ಎಂದರು ಮೆಲ್ಲಗೆ. "ನಮ್ಮ ಮನಿಗೆ ಹೊಳಿ ಬಂದಿಲ್ರಿ. ರೊಕ್ಕ ಕೊಟ್ಟು ನಾನ ತಂದು ಕಟ್ಟಿದಂಗಾತು." ಆಮೇಲೆ ಅವರೇ ಬಾಗಿಲು ಮುಚ್ಚಿ ಹೇಳಿದರು: "ನಿಮ್ಮ ಅವ್ವಾರು ಕೂಡ್ರು ಗಾಡಿ. ಬ್ಯಾಡ್ರಿ ಸರ. ನಾ ಕೊಡಾಂಗಿಲ್ಲ."

ಊಟ ಮಾಡದೆ ಹೊರಡಲು ಬಿಡಲಿಲ್ಲ. ಬಿಸಿ ರೊಟ್ಟಿ, ಎಣ್ಣೆಗಾಯಿ, ಕೆನೆಮೊಸರು. ಹೊರಡುವಾಗ ಒಂದು ಬೆಲ್ಲದ ಪೆಂಟೆಯನ್ನು ಮನೆಯಾಕೆಯ ಕೈಗಿತ್ತರು. ಕಾರು ತರಲು ಹೋದವರು ಬೆಲ್ಲ ಹೊತ್ತು ಬಸ್ಸಿನಲ್ಲಿ ಮರಳಿದೆವು.

ತಿಂಗಳೊಪ್ಪತ್ತಿನಲ್ಲಿ ಅವರಿಂದ ಫೋನು ಬಂತು. ಗ್ಯಾರೇಜಿನವರೊಬ್ಬರಿಗೆ ಎಲ್ಲವನ್ನೂ ಹೇಳಿಯೇ ಬಿಡಿಭಾಗಗಳಿಗೆಂದು ಮಾರಿದರಂತೆ. ಬಂದದ್ದು ಅರ್ಧ ಬೆಲೆಗೂ ಕಡಿಮೆ. ಮಗಳ ಫೀಗೆ ಕಬ್ಬಿನ ಬಿಲ್ಲು ಕೈಹಿಡಿಯಿತಂತೆ. ಅವರ ದನಿಯಲ್ಲಿ ಬೇಸರವಿರಲಿಲ್ಲ.

ನಮಗೂ ಧಾರವಾಡದಲ್ಲೇ ಒಂದು ಕಾರು ಸಿಕ್ಕಿತು. ಬಣ್ಣ ಮಾಸಿದೆ, ಬಾಗಿಲಿಗೆ ಗೀರು ಬಿದ್ದಿದೆ. ಬೆಲ್ಟು ಮಾತ್ರ ತುದಿಯವರೆಗೆ ಶುಭ್ರ. ಮೊದಲ ದಿನ ತಾಯಿಯನ್ನು ಎಲ್ಲಮ್ಮನ ಗುಡ್ಡಕ್ಕೆ ಕರೆದೊಯ್ದೆವು. ಹತ್ತಿ ಕುಳಿತವಳು ಬೆಲ್ಟನ್ನು ಎಳೆದು, ಕನ್ನಡಕ ಸರಿಮಾಡಿಕೊಂಡು ಅದರ ತುದಿಯನ್ನು ನೋಡಿದಳು. ಆಮೇಲೆ, "ಹೊಳಿ ಕಂಡಿಲ್ಲಪಾ ಇದು. ಹೊಡಿ ಇನ್ನ" ಎಂದಳು.