ಎಂಟು ತುಂಡು ಕಾಗದ

ಮುಂಬಯಿಗೆ ಬಂದು ಮೂವತ್ತು ವರ್ಷ ದಾಟಿತು. ವಾರವಿಡೀ ಬ್ಯಾಂಕು, ಲೋಕಲ್ ಟ್ರೈನು. ಭಾನುವಾರ ಬೆಳಿಗ್ಗೆ ಮಾತ್ರ ನಾನು ನಮ್ಮ ಕನ್ನಡ ಚರ್ಚಿನ ಸಂಡೇ ಸ್ಕೂಲ್ ಮಾಸ್ಟ್ರು. ನಮ್ಮ ಮಕ್ಕಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಕನ್ನಡ ಬೈಬಲ್ ಕೈಗೆ ಕೊಟ್ಟರೆ ಮುಖ ಮುಖ ನೋಡಿಕೊಳ್ಳುತ್ತವೆ. ಅದಕ್ಕೇ ನಾನು ಕಾಗದದ ಆಟ ಹಿಡಿದದ್ದು.

ಇದೇನೂ ಹೊಸತಲ್ಲ ಬಿಡಿ. 1866ರಲ್ಲೇ ಲಂಡನ್ನಿನ ಬೋಧಕ ಸ್ಪರ್ಜನ್ ಅಕ್ಷರವೇ ಇಲ್ಲದ ಪುಸ್ತಕವೊಂದರ ಮೇಲೆ ಪ್ರಸಂಗ ಮಾಡಿದ್ದರು. ಅದರಲ್ಲಿ ಮೂರೇ ಬಣ್ಣದ ಹಾಳೆ: ಪಾಪಕ್ಕೆ ಕಪ್ಪು, ಯೇಸುವಿನ ರಕ್ತಕ್ಕೆ ಕೆಂಪು, ಶುದ್ಧವಾದ ಮನಸ್ಸಿಗೆ ಬಿಳಿ. 1875ರಲ್ಲಿ ಅಮೆರಿಕದ ಮೂಡಿ ಪರಲೋಕಕ್ಕೆಂದು ಚಿನ್ನದ ಬಣ್ಣ ಸೇರಿಸಿದರು.

ನನ್ನದು ಶಿಲುಬೆಯ ಆಟ. ನೀವೂ ಮಾಡಿ ನೋಡಿ. ಎ4 ಹಾಳೆಯನ್ನು ಉದ್ದಕ್ಕೆ ಹಿಡಿದು, ಮೇಲಿನ ಬಲ ಮೂಲೆಯನ್ನು ಎಡ ಅಂಚಿಗೆ ತಂದು ಮಡಚಿ. ಎಡಕ್ಕೆ ಉಳಿದ ಚೂಪು ತುದಿಯನ್ನು ಬಲ ಅಂಚಿಗೆ ತನ್ನಿ. ಹೆಂಚಿನ ಮನೆಯ ಆಕಾರ ಬರುತ್ತದೆ. ಅದನ್ನು ನಡುವಿಗೆ ಉದ್ದುದ್ದ ಮಡಚಿ. ಇದೇ ಸ್ವರ್ಗದ ಟಿಕೆಟ್ಟು.

ಕಥೆ ಹೀಗೆ. ಸ್ವರ್ಗದ ಬಾಗಿಲಲ್ಲಿ ಇಬ್ಬರು, ಟಿಕೆಟ್ ಒಬ್ಬನ ಹತ್ತಿರ ಮಾತ್ರ. ಇನ್ನೊಬ್ಬ "ನನಗೂ ಸ್ವಲ್ಪ ಕೊಡು ಮಾರಾಯ" ಅನ್ನುತ್ತಾನೆ. ಮಡಿಕೆ ಇಲ್ಲದ ಬದಿಯಿಂದ ಉದ್ದಕ್ಕೆ ಒಂದು ಪಟ್ಟಿ ಹರಿದು ಕೊಡುತ್ತಾನೆ. ಸಾಲದು ಅಂದಾಗ ಇನ್ನೊಂದು ಪಟ್ಟಿ. ಬಾಗಿಲಲ್ಲಿ ಪೇತ್ರ ಮೊದಲನೆಯವನ ಕೈಯಲ್ಲಿ ಉಳಿದದ್ದನ್ನು ಬಿಡಿಸಿದರೆ ಶಿಲುಬೆ! ಇನ್ನೊಬ್ಬನ ಎಂಟು ತುಂಡುಗಳನ್ನು ಜೋಡಿಸಿದರೆ ಇಂಗ್ಲಿಷಿನಲ್ಲಿ ಎಚ್, ಇ, ಎಲ್, ಎಲ್. ಒಂದು ಚೂರೂ ಉಳಿಯುವುದಿಲ್ಲ. ಲೆಕ್ಕ ಟ್ಯಾಲಿ ಆದರೆ ಬ್ಯಾಂಕಿನವನಿಗೆ ಆಗುವ ಖುಷಿ ನಿಮಗೆ ಗೊತ್ತೇ ಇದೆ. (ಕನ್ನಡದ ನರಕ ಈ ತುಂಡುಗಳಲ್ಲಿ ಬರುವುದಿಲ್ಲ, ನಮ್ಮ ಅಕ್ಷರಗಳೆಲ್ಲ ದುಂಡಗೆ.)

ವರ್ಷಗಟ್ಟಲೆ ಇದನ್ನೇ ಮಾಡಿದೆ, ಚಪ್ಪಾಳೆ ಗಿಟ್ಟಿಸಿದೆ. ಹೋದ ವರ್ಷ ಒಂಬತ್ತು ವರ್ಷದ ಹುಡುಗನೊಬ್ಬ ಚಪ್ಪಾಳೆ ತಟ್ಟಲಿಲ್ಲ. ತಾಯಿ ನಮ್ಮ ಸಭೆಯವರು, ತಂದೆ ಹಿಂದೂ. ಪ್ರತಿ ಭಾನುವಾರ ಸ್ಕೂಟರಿನಲ್ಲಿ ಮಗನನ್ನು ತಂದು ಬಿಟ್ಟು, ಗೇಟಿನ ಹತ್ತಿರವೇ ಪೇಪರ್ ಓದುತ್ತಾ ಕಾಯುವ ಮನುಷ್ಯ. ಹುಡುಗ ಕೇಳಿದ, "ಅಂಕಲ್, ಪಪ್ಪನ ಹತ್ರ ಟಿಕೆಟ್ ಇಲ್ಲ. ಅವರಿಗೆ ಈ ತುಂಡುಗಳಾ?"

ಏನು ಹೇಳಲಿ? "ದೇವರು ಒಳ್ಳೆಯವರು ಮಗಾ" ಅಂತ ತೊದಲಿದೆ. ಅವನು ತುಂಡುಗಳನ್ನೇ ನೋಡುತ್ತಿದ್ದ.

ರಾತ್ರಿ ನಿದ್ದೆ ಬರಲಿಲ್ಲ. ಆ ಕಥೆಯಲ್ಲಿ ಎರಡನೆಯವನ ತಪ್ಪಾದರೂ ಏನು? ಕೇಳಿದ, ಅಷ್ಟೇ ತಾನೇ? ಲೂಕನ ಸುವಾರ್ತೆಯಲ್ಲಿ ಪಕ್ಕದ ಶಿಲುಬೆಯ ಕಳ್ಳ ಕೊನೇ ಗಳಿಗೆಯಲ್ಲಿ ಕೇಳಿದ್ದೂ ಇಷ್ಟೇ. ಅವನ ಕೈಗೆ ಯೇಸು ಚೂರುಗಳನ್ನು ಕೊಡಲಿಲ್ಲವಲ್ಲ! ಲೆಕ್ಕ ಕೂಡಿ ಬರುವ ಖುಷಿಯಲ್ಲಿ ಇಷ್ಟು ವರ್ಷ ನನಗಿದು ಹೊಳೆದೇ ಇರಲಿಲ್ಲ.

ಶಿಲುಬೆಯನ್ನು ಈಗಲೂ ಮಾಡುತ್ತೇನೆ, ಆ ಟಿಕೆಟ್ಟಿನ ಕಥೆ ಹೇಳುವುದಿಲ್ಲ. ಸಭೆಯ ಹಿರಿಯರೊಬ್ಬರು "ನರಕ ಬಿಟ್ಟರೆ ಸುವಾರ್ತೆ ಅರ್ಧವೇ" ಅಂದರು. ಇರಬಹುದು. ಅವರಿಗೆ ಆ ಹುಡುಗನ ಮುಖ ಕಂಡಿರಲಿಲ್ಲ.

ಮುಂದಿನ ವಾರ ಬ್ಯಾಂಕಿನ ಹಳೇ ಕ್ಯಾಲೆಂಡರಿನಿಂದ ಉದ್ದ ಪಟ್ಟಿಗಳನ್ನು ಕತ್ತರಿಸಿಕೊಂಡು ಹೋದೆ. ಪಟ್ಟಿಯನ್ನು ಹಾಗೇ ಬಳೆಯಂತೆ ಅಂಟಿಸಿ ನಡುವೆ ಉದ್ದಕ್ಕೆ ಕತ್ತರಿಸಿದರೆ ಎರಡು ಬಳೆ ಬೇರೆ ಬೇರೆ. ಅಂಟಿಸುವ ಮೊದಲು ಅರ್ಧ ಸುತ್ತು ತಿರುಚಿದ್ದರೆ ಒಂದೇ ದೊಡ್ಡ ಬಳೆ. ಇದನ್ನು 1858ರಲ್ಲಿ ಜರ್ಮನಿಯ ಗಣಿತಜ್ಞ ಮೋಬಿಯಸ್ ಕಂಡುಕೊಂಡದ್ದು. ಪೂರ್ತಿ ಒಂದು ಸುತ್ತು ತಿರುಚಿ ಅಂಟಿಸಿದ್ದರೆ ಎರಡು ಬಳೆ, ಆದರೆ ಒಂದರೊಳಗೊಂದು ಸಿಕ್ಕಿಕೊಂಡು! ಬಿಡಿಸಲು ಹರಿಯಲೇಬೇಕು. ದೇವರ ಪ್ರೀತಿ ಹೀಗೆ ಅಂತ ಒಂದೇ ಮಾತು ಹೇಳಿ ಸುಮ್ಮನಾದೆ. ಹೇಗೆ ಮಾಡುವುದೆಂದು ಮಕ್ಕಳಿಗೇ ತೋರಿಸಿಕೊಟ್ಟೆ. ಗುಟ್ಟು ಇಟ್ಟುಕೊಳ್ಳಲಿಲ್ಲ.

ಕ್ಲಾಸು ಮುಗಿದದ್ದೇ ಹುಡುಗ ಗೇಟಿಗೆ ಓಡಿದ. ನಾನು ಕೆಳಗೆ ಇಳಿದು ಬರುವಾಗ ಅವನ ಅಪ್ಪ ಪೇಪರನ್ನು ಕಂಕುಳಲ್ಲಿಟ್ಟುಕೊಂಡು, ಎರಡು ಕಾಗದದ ಬಳೆಗಳನ್ನು ತಿರುಗಿಸಿ ತಿರುಗಿಸಿ ನೋಡುತ್ತಾ, ಅಂಟು ಎಲ್ಲಿದೆ ಅಂತ ಹುಡುಕುತ್ತಿದ್ದರು.