ಬೇಕು, ಬೇಡ ಮತ್ತು ದಾರಕ್ಕೆ ಕಟ್ಟಿದ ಪೆನ್ಸಿಲ್

ಮತದಾನದ ದಿನ ನೋಡುವಂಥದ್ದು ಏನಿರುತ್ತದೆ ಹೇಳಿ? ಪ್ರಚಾರ ಮುಗಿದಿರುತ್ತದೆ, ಎಣಿಕೆ ಶುರುವಾಗಿರುವುದಿಲ್ಲ. ಜನ ಒಳಗೆ ಹೋಗುತ್ತಾರೆ, ಹೊರಗೆ ಬರುತ್ತಾರೆ. ಆದರೂ 2014ರ ಸೆಪ್ಟೆಂಬರ್ 18, ಗುರುವಾರ ಬೆಳಿಗ್ಗೆ ಹನ್ನೊಂದೂವರೆಗೆ ಕೂತವನು ಮರುದಿನ ಮಧ್ಯಾಹ್ನ ಎಲೆ ಹಾಕುವವರೆಗೂ ಸ್ಕಾಟ್ಲೆಂಡಿನಲ್ಲೇ ಇದ್ದೆ. ದೇಹ ಮಾತ್ರ ನಮ್ಮ ಮನೆಯ ನಡುಮನೆಯಲ್ಲಿತ್ತು. 1707ರಲ್ಲಿ ತನ್ನ ಪಾರ್ಲಿಮೆಂಟನ್ನು ಮುಚ್ಚಿ ಇಂಗ್ಲೆಂಡಿನ ಜೊತೆ ಸೇರಿದ ನಾಡು, 307 ವರ್ಷಗಳ ಮೇಲೆ, ಬೇರೆಯಾಗೋಣವೇ ಎಂದು ತನ್ನನ್ನೇ ಕೇಳಿಕೊಳ್ಳುತ್ತಿತ್ತು. ಒಂದು ಗುಂಡೂ ಹಾರದೆ ಇಂಥ ಪ್ರಶ್ನೆ ತೀರ್ಮಾನವಾಗುವ ದಿನ ನಮ್ಮ ಆಯುಸ್ಸಿನಲ್ಲಿ ಎಷ್ಟು ಸಲ ಬಂದೀತು?

ನಮ್ಮ ಹನ್ನೊಂದೂವರೆ ಎಂದರೆ ಅಲ್ಲಿ ಬೆಳಗಿನ ಏಳು. ನಮ್ಮಲ್ಲಿ ಸಾರಿಗೆ ಒಗ್ಗರಣೆ ಬೀಳುವ ಹೊತ್ತಿಗೆ ಅಲ್ಲಿ ಶಾಲೆಗಳ, ಚರ್ಚಿನ ಹಾಲುಗಳ, ಸಮುದಾಯ ಭವನಗಳ ಬಾಗಿಲು ತೆರೆದವು. ಆಮೇಲೆ ಮೌನ. ಬ್ರಿಟನ್ನಿನಲ್ಲಿ ಮತಗಟ್ಟೆ ತೆರೆದ ಮೇಲೆ ಟಿವಿಯವರು, ರೇಡಿಯೋದವರು ವಾದವಿವಾದ ನಡೆಸುವಂತಿಲ್ಲ, ಸಮೀಕ್ಷೆಯ ಅಂಕಿ ಹೇಳುವಂತಿಲ್ಲ. ಹಾಗಾಗಿ ಇಡೀ ದಿನ ತೋರಿಸಿದ್ದು ಸಾಲುಗಳನ್ನು, ಮೋಡವನ್ನು, ಯಜಮಾನ ಮತ ಹಾಕಿ ಬರಲೆಂದು ಬೇಲಿಗೆ ಕಟ್ಟಿಸಿಕೊಂಡು ಕಾಯುತ್ತಿದ್ದ ನಾಯಿಗಳನ್ನು. ನನಗೆ ಅದು ಬಹಳ ಹಿಡಿಸಿತು. ಎರಡು ವರ್ಷ ಕೂಗಾಡಿದವರಿಗೆ ಒಂದು ದಿನ ಬಾಯಿ ಮುಚ್ಚಿ ಯೋಚಿಸುವ ಅವಕಾಶ ಬೇಡವೇ?

ಬೇಡ ಎಂದೆನಲ್ಲ, ಆ ಮಾತಿಗೇ ಬರುತ್ತೇನೆ. ಮತಪತ್ರದಲ್ಲಿದ್ದದ್ದು ಒಂದೇ ಪ್ರಶ್ನೆ: ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೆ? ಕೆಳಗೆ ಎರಡು ಚೌಕ, ಯೆಸ್ ಮತ್ತು ನೋ. ಇಂಗ್ಲಿಷಿನವರಿಗೆ ಒಂದು ನೋ ಸಾಕು. ನಮಗೆ ಸಾಲದು. ಇಲ್ಲ ಬೇರೆ, ಅಲ್ಲ ಬೇರೆ, ಬೇಡ ಬೇರೆ, ಕೂಡದು ಇನ್ನೂ ಬೇರೆ. ಆ ಚೌಕವನ್ನು ಕನ್ನಡದಲ್ಲಿ ಅಚ್ಚು ಹಾಕಬೇಕಾಗಿದ್ದರೆ ಯಾವ ಪದ ಇಡುತ್ತಿದ್ದೆವು? ನಾನಂತೂ ಬೇಕು, ಬೇಡ ಎಂದೇ ಇಡುತ್ತಿದ್ದೆ. ಬೇಡ ಎನ್ನುವಾಗ ಕೈಯಲ್ಲಿದ್ದದ್ದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಂತೆ, ಕೂಡದು ಎನ್ನುವಾಗ ಬಾಗಿಲು ಹಾಕಿದಂತೆ. ಬೇಡದ ಪಕ್ಷದವರು ಗೋಡೆಗೋಡೆಗೂ ಅಂಟಿಸಿದ್ದು ‘ನೋ ಥ್ಯಾಂಕ್ಸ್’ ಎಂದು. ಊಟಕ್ಕೆ ಕೂತವರು ಎಲೆಗೆ ಅಡ್ಡ ಕೈ ಹಿಡಿದು, ಸಾಕು ತಾಯಿ, ಎಂದ ಹಾಗೆ.

ಪ್ರಶ್ನೆಯ ಹಿಂದೆಯೂ ಒಂದು ಕಥೆ ಇದೆ. ಸ್ಕಾಟ್ಲೆಂಡಿನ ಆಗಿನ ಫಸ್ಟ್ ಮಿನಿಸ್ಟರ್ ಅಲೆಕ್ಸ್ ಸಾಮಂಡ್ ಅವರ ಸರ್ಕಾರ ಮೊದಲು ಬರೆದದ್ದು, ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೆಂದು ನೀವು ಒಪ್ಪುತ್ತೀರಾ ಎಂದು. ಚುನಾವಣಾ ಆಯೋಗ ಅದನ್ನು ಪರೀಕ್ಷಿಸಿ, ಒಪ್ಪುತ್ತೀರಾ ಎಂದು ಕೇಳಿದರೆ ಜನ ಹೌದೆನ್ನುವ ಕಡೆಗೇ ವಾಲುತ್ತಾರೆ, ಅದನ್ನು ತೆಗೆಯಿರಿ ಎಂದಿತು. ತೆಗೆದರು. ದಾಕ್ಷಿಣ್ಯದ ಜನರಾದ ನಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಒಪ್ಪುತ್ತೀರಾ ಎಂದು ಎದುರು ನಿಂತು ಕೇಳಿದವರಿಗೆ ಇಲ್ಲ ಎನ್ನಲು ನಮ್ಮಲ್ಲಿ ಎಷ್ಟು ಜನಕ್ಕೆ ಬರುತ್ತದೆ?

ಸಂಜೆ ನಮ್ಮ ಸೋದರತ್ತೆಯ ಮೊಮ್ಮಗ ಎಡಿನ್‌ಬರೋದಿಂದ ಫೋನು ಮಾಡಿದ. ಓದಲು ಹೋದವನು, ಇನ್ನೂ ಭಾರತದ ಪಾಸ್‌ಪೋರ್ಟು. ಆದರೂ ಅವನಿಗೆ ಮತ ಇತ್ತು! ಅಲ್ಲಿ ವಾಸವಾಗಿರುವ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳೂ ಪಟ್ಟಿಯಲ್ಲಿ ಹೆಸರು ಬರೆಸಬಹುದಿತ್ತು. ಅದೇ, ಜೀವಮಾನವಿಡೀ ಸ್ವತಂತ್ರ ಸ್ಕಾಟ್ಲೆಂಡ್ ಎಂದು ಹಂಬಲಿಸಿದ ನಟ ಶಾನ್ ಕಾನರಿಗೆ ಮತ ಇರಲಿಲ್ಲ, ಅವರು ವಾಸ ಮಾಡುತ್ತಿದ್ದದ್ದು ಬಹಾಮಾಸ್‌ನಲ್ಲಿ. ಆ ದಿನವೇ ‘ಬೇಕು’ ಕಡೆಗೆ ಒಲವು ತೋರಿದ ಟೆನಿಸ್ ಆಟಗಾರ ಆಂಡಿ ಮರ‍್ರೇಗೂ ಇರಲಿಲ್ಲ, ಅವರ ಮನೆ ಇಂಗ್ಲೆಂಡಿನಲ್ಲಿ. ಇದು ಅನ್ಯಾಯ ಎಂದವರುಂಟು. ನನಗೆ ಹಾಗನಿಸಲಿಲ್ಲ. ಮಳೆಗಾಲದಲ್ಲಿ ಸೋರುವ ಮನೆಯೊಳಗೆ ಪಾತ್ರೆ ಇಡುವವರು ಯಾರೋ, ಹೆಂಚು ಬದಲಿಸುವ ಮಾತು ಅವರದೇ ಆಗಬೇಕು.

ನಮ್ಮ ಹುಡುಗ ಹೇಳಿದ ವಿವರಗಳನ್ನು ಮರೆಯಲಾರೆ. ಗುರುತಿನ ಚೀಟಿ ಯಾರೂ ಕೇಳಲಿಲ್ಲವಂತೆ. ಹೆಸರು, ವಿಳಾಸ ಹೇಳಿದ. ಪಟ್ಟಿಯಲ್ಲಿ ಅವನ ಹೆಸರಿನ ಮೇಲೆ ಅಡ್ಡಗೆರೆ ಎಳೆದು ಕಾಗದ ಕೊಟ್ಟರು. ಬೆರಳಿಗೆ ಶಾಯಿ ಇಲ್ಲ. ಜಗತ್ತಿನ ಎಷ್ಟೋ ದೇಶಗಳ ಬೆರಳಿಗೆ ಹತ್ತುವ ಶಾಯಿ ನಮ್ಮ ಮೈಸೂರಿನ ಬಣ್ಣದ ಕಾರ್ಖಾನೆಯದು, 1962ರಿಂದ ಭಾರತದ ಬೆರಳುಗಳಿಗೂ ಅದೇ. ಸ್ಕಾಟ್ಲೆಂಡಿನ ಬೆರಳು ಮಾತ್ರ ಖಾಲಿ. ಮರೆಯೊಳಗೆ ದಾರಕ್ಕೆ ಕಟ್ಟಿದ ಒಂದು ಮೋಟು ಪೆನ್ಸಿಲ್. ಪೆನ್ಸಿಲಿನ ಗುರುತನ್ನು ಅಳಿಸಿಬಿಟ್ಟರೆ ಎಂಬ ಭಯದಿಂದ ಕೆಲವರು ತಮ್ಮದೇ ಪೆನ್ನು ಒಯ್ದಿದ್ದರು. ಇವನು ಪೆನ್ಸಿಲಿನಲ್ಲೇ ಗುಣಾಕಾರದ ಗುರುತು ಹಾಕಿ ಬಂದನಂತೆ. ಯಾವ ಚೌಕಕ್ಕೆ ಎಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.

ಅವನ ಮುಂದೆ ಸಾಲಿನಲ್ಲಿ ಶಾಲೆಯ ಸಮವಸ್ತ್ರದ ಹುಡುಗಿಯೊಬ್ಬಳು ನಿಂತಿದ್ದಳಂತೆ. ಹದಿನಾರು ತುಂಬಿದವರಿಗೂ ಆ ಸಲ ಮತ ಕೊಟ್ಟಿದ್ದರು, ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳು ಹೆಸರು ಬರೆಸಿದ್ದರು. ನಮ್ಮ ಅಜ್ಜನ ಮನೆ ಪಾಲಾದದ್ದು ನೆನಪಾಯಿತು. ಜಗಲಿಯ ಮೇಲೆ ಪಂಚರು ಕೂತು ಗದ್ದೆ, ತೋಟ, ಹಿತ್ತಾಳೆ ಹಂಡೆಗಳನ್ನೆಲ್ಲ ಹಂಚಿದರು. ಬಾವಿ ಯಾರಿಗೆ ಎಂಬಲ್ಲಿ ಮೂರು ದಿನ ನಿಂತಿತು. ಸ್ಕಾಟ್ಲೆಂಡಿನ ಬಾವಿ ಪೌಂಡು. ನಾವೂ ಅದನ್ನೇ ಸೇದುತ್ತೇವೆ ಎಂದರು ಸಾಮಂಡ್. ಹಗ್ಗ ಕೊಡುವುದಿಲ್ಲ ಎಂದರು ಲಂಡನ್ನಿನ ಹಣಕಾಸು ಮಂತ್ರಿ ಜಾರ್ಜ್ ಆಸ್ಬರ್ನ್. ಕೊನೆಯ ದಿನದವರೆಗೂ ಆ ಮಾತು ಬಗೆಹರಿಯಲಿಲ್ಲ. ಆದರೆ ನಮ್ಮ ಅಜ್ಜನ ಮನೆಯಲ್ಲಿ ಆ ಬಾವಿಯಿಂದ ನಿತ್ಯ ನೀರು ಸೇದುತ್ತಿದ್ದ ಅತ್ತೆಯರನ್ನು, ಹದಿನಾರರ ಚಿಕ್ಕಮ್ಮನನ್ನು ಯಾರೂ ಏನೂ ಕೇಳಲಿಲ್ಲ. ಸಮವಸ್ತ್ರದ ಆ ಹುಡುಗಿಯನ್ನು ಕೇಳಿದ್ದರು. ಆ ರಾತ್ರಿ ನನಗೆ ನಿದ್ದೆ ಬಾರದಿರಲು ಇದೇ ಕಾರಣ.

ಅಲ್ಲಿ ರಾತ್ರಿ ಹತ್ತಕ್ಕೆ ಮತಗಟ್ಟೆ ಮುಚ್ಚಿದಾಗ ನಮಗೆ ಎರಡೂವರೆ. ಕಾಯುವಾಗ 1979ರ ಹಳೆಯ ಲೆಕ್ಕ ನೆನೆದು ಹೊಟ್ಟೆ ಉರಿಯಿತು. ತಮಗೊಂದು ಸ್ವಂತ ಶಾಸನಸಭೆ ಬೇಕೆ ಎಂದು ಆಗ ಕೇಳಿದ್ದಕ್ಕೆ, ಮತ ಹಾಕಿದವರಲ್ಲಿ ಶೇಕಡಾ 51.6 ಜನ ಬೇಕು ಎಂದಿದ್ದರು. ಆದರೂ ಆಗ ಸಿಗಲಿಲ್ಲ. ಪಟ್ಟಿಯಲ್ಲಿರುವ ಒಟ್ಟು ಮತದಾರರಲ್ಲಿ ಶೇಕಡಾ 40 ಜನ ಒಪ್ಪಬೇಕೆಂಬ ಷರತ್ತು ಹಾಕಿದ್ದರು. ಹಾಗಾಗಿ ಮನೆಯಲ್ಲಿ ಕೂತವರೆಲ್ಲರೂ ಬೇಡ ಎಂದಂತಾಯಿತು. ಅಂಥ ಷರತ್ತು ಮೋಸವೇ ಸರಿ. 2014ರಲ್ಲಿ ಅದಿರಲಿಲ್ಲ. ಒಂದು ಮತ ಹೆಚ್ಚಾದರೂ ಸಾಕಿತ್ತು.

ಬೆಳಗಿನ ಆರಕ್ಕೆ, ಡಿಕಾಕ್ಷನ್ ಇಳಿಯುತ್ತಿದ್ದಾಗ, ಮೊದಲ ಫಲಿತಾಂಶ ಬಂತು. ಕ್ಲಾಕ್‌ಮ್ಯಾನನ್‌ಶೈರ್. ಹೆಸರು ಉದ್ದ, ಸೀಮೆ ಪುಟ್ಟದು. ಅಲ್ಲಿರುವ ಒಂದು ಪುರಾತನ ಕಲ್ಲಿನಿಂದ ಬಂದ ಹೆಸರು, ನಮ್ಮ ಕಲ್ಲೂರು, ಕಲ್ಲಹಳ್ಳಿಗಳ ಹಾಗೆ. ಬೇಕು 16,350, ಬೇಡ 19,036. ಕಾಫಿ ಆರಿತು. ಡಂಡಿಯ ಎಣಿಕೆ ಕೇಂದ್ರದಲ್ಲಿ ಬೆಂಕಿಯ ಗಂಟೆ ಹೊಡೆದು ಎಲ್ಲರೂ ಬೀದಿಗೆ ಬಂದಿದ್ದರು. ಆಮೇಲೆ ಡಂಡಿ, ಗ್ಲಾಸ್ಗೊ ಬೇಕು ಎಂದವು. ಇನ್‌ವರ್‌ಕ್ಲೈಡ್‌ನಲ್ಲಿ ವ್ಯತ್ಯಾಸ ಬರೀ 86 ಮತ! ಒಂದು ಮದುವೆ ಬಸ್ಸಿಗೆ ಹಿಡಿಸುವಷ್ಟು ಜನ.

ಪಶ್ಚಿಮ ದ್ವೀಪಗಳದ್ದೂ ಬಂತು, ಅಲ್ಪ ಅಂತರದಲ್ಲಿ ಬೇಡ. ಅದರ ಮುಖ್ಯ ಪಟ್ಟಣ ಸ್ಟೋರ್ನೊವೇ. ಆ ಹೆಸರು ಎಲ್ಲೋ ಓದಿದ್ದೇನಲ್ಲ ಎಂದು ತಡಕಾಡಿದೆ. ಕಾಲಿನ್ ಮೆಕೆಂಜಿ ಹುಟ್ಟಿದ ಊರು! ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಯನ್ನು ಅಳೆದವನು. ಅಳೆದದ್ದಷ್ಟೇ ಅಲ್ಲ, ತನ್ನ ಸಹಾಯಕರನ್ನು ಊರೂರಿಗೆ ಕಳಿಸಿ, ನಿಮ್ಮ ಊರಿನ ಕಥೆ ಏನು, ಗುಡಿ ಯಾರು ಕಟ್ಟಿಸಿದರು, ಪಾಳೆಯಗಾರ ಯಾರು ಎಂದು ಕೇಳಿಸಿ ಕೈಫಿಯತ್ತು, ಎಂದರೆ ಊರಿನವರ ಹೇಳಿಕೆ, ಬರೆಸಿಕೊಂಡ. ಆಳಲು ಬಂದ ಕಂಪನಿಯ ನೌಕರನೇ ಹೌದು. ಆದರೆ ನಮ್ಮ ಎಷ್ಟೋ ಹಳ್ಳಿಗಳು ತಮ್ಮ ಮಾತನ್ನು ತಾವೇ ಹೇಳಿಕೊಂಡದ್ದು ಆ ಕೈಫಿಯತ್ತುಗಳಲ್ಲಿ. ಎರಡು ಶತಮಾನ ಕಳೆದ ಮೇಲೆ ಅವನ ಊರಿಗೂ ಒಂದು ಪ್ರಶ್ನೆ ಬಂದಿತ್ತು, ಅವನ ಊರೂ ತನ್ನ ಕೈಫಿಯತ್ತು ಬರೆಸಿತ್ತು.

ಹತ್ತೂವರೆ ದಾಟಿದ ಮೇಲೆ ಫೈಫ್‌ನ ಲೆಕ್ಕ ಬಂದು ತೀರ್ಮಾನವಾಗಿಹೋಯಿತು. ಬೇಡ 20,01,926. ಬೇಕು 16,17,989. ಆ ದಿನವೇ ಸಾಮಂಡ್ ಅಧಿಕಾರ ಬಿಡುತ್ತೇನೆಂದು ಹೇಳಿದರು. ನೂರಕ್ಕೆ 84.6 ಜನ ಮತ ಹಾಕಿದ್ದರು. ಹುಡುಗನಿಗೆ ಫೋನು ಮಾಡಿದರೆ ಅವನು ಮಲಗಿದ್ದ. ನಾನು ಎದ್ದು ಕಪಾಟಿನಿಂದ ಎಂ.ಎಂ. ಕಲಬುರ್ಗಿಯವರು ಸಂಪಾದಿಸಿದ ‘ಕರ್ನಾಟಕದ ಕೈಫಿಯತ್ತುಗಳು’ ತೆಗೆದೆ. ನಿಮಗೂ ಎಲ್ಲಾದರೂ ಸಿಕ್ಕರೆ, ಮೊದಲು ನಿಮ್ಮ ಊರಿನ ಹೆಸರು ಇದೆಯೇ ನೋಡಿ.