ಸಿಗಲಿಲ್ಲ ಅನ್ನೋದೂ ಲೆಕ್ಕಕ್ಕೆ

ಮೊನ್ನೆ ರಾತ್ರಿ ಬಿಲ್ಡ್ ಮುಗಿಯೋದನ್ನ ಕಾಯ್ತಾ ಭಾರದ ನ್ಯೂಟ್ರಿನೊ ಬಗ್ಗೆ ಓದ್ತಿದ್ದೆ. ನ್ಯೂಟ್ರಿನೊಗೂ ತೂಕ ಇದೆ ಅಂತ 1998ರಲ್ಲಿ ಜಪಾನಿನ ಪ್ರಯೋಗ ತೋರಿಸಿತು. ಆದರೆ ಅಷ್ಟು ಕಡಿಮೆ ಯಾಕೆ? ಒಂದು ಊಹೆಗೆ ಸೀಸಾ ಅಂತಲೇ ಹೆಸರು. ನಮ್ಮೂರ ಏತದ ಹಾಗೆ: ಆ ತುದಿಯ ಜೊತೆಗಾರ ಭಾರವಾದಷ್ಟೂ ಈ ತುದಿಯದು ಹಗುರ.

ಆ ಜೊತೆಗಾರನನ್ನು ಜಿನೀವಾ ಹತ್ತಿರದ ಸರ್ನ್‌ನಲ್ಲಿ ಹುಡುಕ್ತಿದ್ದಾರೆ. ನೆಲದಡಿ 27 ಕಿಲೋಮೀಟರ್ ಸುತ್ತಳತೆಯ ಸುರಂಗದಲ್ಲಿ ಪ್ರೋಟಾನ್‌ಗಳು ಡಿಕ್ಕಿ ಹೊಡೀತವೆ. ಅಲ್ಲಿ ಹುಟ್ಟಿದ ಭಾರದ ನ್ಯೂಟ್ರಿನೊ ಗುರುತು ಬಿಡದೆ ಸ್ವಲ್ಪ ದೂರ ಹೋಗಿ ಒಡೆಯಬಹುದು. ಡಿಕ್ಕಿಯಾದ ಕಡೆ ಅಲ್ಲದೆ ಬೇರೆ ಕಡೆ ಒಡೆದಿದ್ದೇ ಸುಳಿವು. ಅಟ್ಲಾಸ್, ಸಿಎಂಎಸ್ ತಂಡಗಳು ಎಷ್ಟೋ ಸಲ ಹುಡುಕಿವೆ, ಇನ್ನೂ ಸಿಕ್ಕಿಲ್ಲ. ಆದರೂ ಪ್ರತಿ ಸಲ, ಇಂಥ ತೂಕದಲ್ಲಿ, ಮಾಮೂಲಿ ನ್ಯೂಟ್ರಿನೊ ಜೊತೆ ಇಷ್ಟು ಬೆರೆಯೋ ಕಣ ಇಲ್ಲ ಅಂತ ಪ್ರಕಟಿಸ್ತಾರೆ.

ಅಪ್ಪ ನೆನಪಾದರು. ಮೂರು ಬೋರ್ ಕೊರೆಸಿ ಮೂರೂ ಫೇಲಾದಾಗ ನಾಚಿಕೆಯಿಂದ ಯಾರಿಗೂ ಏನೂ ಹೇಳಿರಲಿಲ್ಲ. ಸಾಲ ನಾನೇ ತೀರಿಸಿದೆ. ಫೋನಲ್ಲಿ ಈ ಕತೆ ಹೇಳಿದೆ.

“ಸಿಗದಿದ್ರೂ ಬರೆದಿಡ್ತಾರೇನೋ?”

“ಹೂಂ ಅಪ್ಪ, ಇನ್ನೊಬ್ರು ಅಲ್ಲೇ ಹುಡುಕಬಾರ್ದಲ್ಲ.”

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮೂರೂ ಪಾಯಿಂಟ್ ಎಲ್ಲೆಲ್ಲಿ, ಎಷ್ಟೆಷ್ಟು ಅಡಿ ಅಂತ ಮೊದಲ ಸಲ ಹೇಳಿದರು. ಪಕ್ಕದ ಹೊಲದವರು ಮುಂದಿನ ವಾರ ಬೋರ್ ಹಾಕಿಸ್ತಾರಂತೆ. ಬೆಳಿಗ್ಗೆ ಹೋಗಿ ಹೇಳಿಬರ್ತೀನಿ ಅಂದರು.